ಬೆಳ್ಳಿಯ ಮರಿ ಮತ್ತು ನೀಲಿ ಬಲೆಯ ಚೂರು

ಕಡಲ ದಡದಲ್ಲೊಂದು ಕರಿ ಬಂಡೆ. ಬಂಡೆ ಮೇಲೊಂದು ಕಡಲಹಕ್ಕಿ. ಹೆಸರು ಬೆಳ್ಳಿ. ಬೆಳ್ಳಿಗೆ ಒಂದೇ ಒಂದು ಮರಿ. ಬೆಳ್ಳಿ ಮೀನು ತರಲು ಹೋಯಿತು. ಮೀನು ಸಿಗಲಿಲ್ಲ. ಬಂದು ನೋಡಿದರೆ, ಮರಿ ಇಲ್ಲ!

"ಅಮ್ಮಾ! ಕೆಳಗೆ! ಕೆಳಗೆ!"

ಮರಿ ಜಾರಿ ಬಂಡೆಯ ಬುಡಕ್ಕೆ ಬಿದ್ದಿತ್ತು. ಅಲ್ಲಿ ಯಾರೋ ಎಸೆದ ನೀಲಿ ಬಲೆಯ ಚೂರು. ಅದರೊಳಗೆ ಮರಿಯ ಕಾಲು. ಎಳೆದಷ್ಟೂ ಬಿಗಿ! ಕಡಲು ಉಕ್ಕುತ್ತಿತ್ತು. ನೀರು ಮರಿಯ ಪಾದಕ್ಕೆ ಬಂತು.

ಪುರ್ರ್! ಬೆಳ್ಳಿ ಏಡಿಯ ಹತ್ತಿರ ಹಾರಿತು.

"ಏಡಿಯಣ್ಣಾ, ಏಡಿಯಣ್ಣಾ, ಬಲೆ ಕತ್ತರಿಸು. ನನ್ನ ಮರಿ ಬಿಡಿಸು!"

"ಹಸಿದ ಹೊಟ್ಟೆಯಲ್ಲಿ ಕೈ ಆಡೋದಿಲ್ಲ. ಮೀನಿನ ತಲೆ ತಾ," ಅಂತು ಏಡಿ.

ನೀರು ಮರಿಯ ಮೊಣಕಾಲಿಗೆ ಬಂತು.

ಪುರ್ರ್! ಬೆಳ್ಳಿ ಮೀನು ಮಾರುವ ಮಂಕಾಳಕ್ಕನ ಹತ್ತಿರ ಹಾರಿತು.

"ಮಂಕಾಳಕ್ಕಾ, ಮಂಕಾಳಕ್ಕಾ, ಮೀನಿನ ತಲೆ ಕೊಡು. ತಲೆ ಏಡಿಗೆ. ಏಡಿ ಬಲೆ ಕತ್ತರಿಸಬೇಕು. ನನ್ನ ಮರಿ ಬಿಡಿಸಬೇಕು!"

"ಕೊಡೂಕೆ ಕೈ ಎಲ್ಲಿದೆ ಮಾರಾಯ್ತಿ? ಬುಟ್ಟಿ ತಳ ಕಿತ್ತುಹೋಗಿದೆ. ಎರಡೂ ಕೈಲಿ ಹಿಡ್ಕೊಂಡಿದ್ದೇನೆ! ಬುಟ್ಟಿ ಕಟ್ಟೂಕೆ ದಾರ ತಾ."

ನೀರು ಮರಿಯ ಹೊಟ್ಟೆಗೆ ಬಂತು!

ಪುರ್ರ್! ಬೆಳ್ಳಿ ಬಲೆ ಹೆಣೆಯುವ ದುರ್ಗಜ್ಜನ ಹತ್ತಿರ ಹಾರಿತು.

"ದುರ್ಗಜ್ಜಾ, ದುರ್ಗಜ್ಜಾ, ದಾರ ಕೊಡು. ದಾರ ಮಂಕಾಳಕ್ಕನಿಗೆ. ತಲೆ ಏಡಿಗೆ. ಏಡಿ ಬಲೆ ಕತ್ತರಿಸಬೇಕು. ನನ್ನ ಮರಿ ಬಿಡಿಸಬೇಕು!"

"ದಾರ ಎಲ್ಲಾ ಬಲೆಸೂಜಿಗೆ ಸುತ್ತಿದೆ. ಸೂಜಿಯನ್ನ ಬೊಗ್ಗ ನಾಯಿ ಕಚ್ಕೊಂಡು ಓಡ್ತು! ಸೂಜಿ ತಾ."

ಹಾಗನ್ನುತ್ತಲೇ ಅಜ್ಜ ಹರಕು ಬಲೆಯ ಚೂರು ಕತ್ತರಿಸಿದ. ಬೆನ್ನ ಹಿಂದೆ ಎಸೆದ. ಯಾವಾಗಲೂ ಹಾಗೇ ಎಸೆಯುತ್ತಿದ್ದ.

ನೀರು ಮರಿಯ ಕುತ್ತಿಗೆಗೆ ಬಂತು!

ಪುರ್ರ್! ಪುರ್ರ್! ಬೆಳ್ಳಿ ಬೊಗ್ಗನ ಹತ್ತಿರ ಹಾರಿತು.

"ಬೊಗ್ಗಣ್ಣಾ, ಬೊಗ್ಗಣ್ಣಾ, ಸೂಜಿ ಕೊಡು. ಸೂಜಿ ಅಜ್ಜನಿಗೆ. ದಾರ ಮಂಕಾಳಕ್ಕನಿಗೆ. ತಲೆ ಏಡಿಗೆ. ಏಡಿ ಬಲೆ ಕತ್ತರಿಸಬೇಕು. ನನ್ನ ಮರಿ ಬಿಡಿಸಬೇಕು!"

"ಕೊಡೋದಿಲ್ಲ! ನೋಡು, ಅಜ್ಜ ಎಸೆದ ಚೂರು ನನ್ನ ಕಾಲಿಗೆ ಸುತ್ತಿದೆ. ಮೊದಲು ಬಿಡಿಸು!"

ನೀಲಿ ಚೂರು! ಅದೇ ನೀಲಿ! ಪುಣ್ಯಕ್ಕೆ ಅದು ಬಿಗಿದಿರಲಿಲ್ಲ. ಬೆಳ್ಳಿ ಕೊಕ್ಕಿನಲ್ಲಿ ಎಳೆಯಿತು. ಸರ್ರ್! ಬಂದೇ ಬಿಟ್ಟಿತು.

ಬೊಗ್ಗ ಸೂಜಿ ಕೊಟ್ಟಿತು. ಸೂಜಿ ಅಜ್ಜನಿಗೆ. ಅಜ್ಜ ದಾರ ಕೊಟ್ಟ. ದಾರ ಮಂಕಾಳಕ್ಕನಿಗೆ. ಮಂಕಾಳಕ್ಕ ತಲೆ ಕೊಟ್ಟಳು. ತಲೆ ಏಡಿಗೆ. ಏಡಿ ಗಬಗಬ ತಿಂದಿತು. ದಡದಡ ಓಡಿತು. ನೀರೊಳಗೆ ಮುಳುಗಿತು. ಕಟಕ್! ಕಟಕ್! ಕಟಕ್!

ಮರಿ ಟಣ್ಣನೆ ಹಾರಿತು. ಅಮ್ಮನ ರೆಕ್ಕೆಯೊಳಗೆ ಸೇರಿತು. ಬೆಳ್ಳಿಗೆ ಹೋದ ಜೀವ ಬಂದಂತಾಯಿತು.

ಅಜ್ಜನೂ ಏದುಸಿರು ಬಿಡುತ್ತಾ ಓಡಿ ಬಂದ. ಏಡಿಯ ಕೈಯಲ್ಲಿ ನೀಲಿ ಚೂರು ನೋಡಿದ.

"ಅಯ್ಯೋ! ಈ ಗಂಟು ನಂದೇ! ನಾನೇ ಹಾಕಿದ್ದು! ತಪ್ಪಾಯ್ತು ಬೆಳ್ಳೀ."

ಈಗ ಅಜ್ಜನ ಪಕ್ಕ ಒಂದು ಹಳೇ ಬುಟ್ಟಿ ಇದೆ. ಚೂರೆಲ್ಲ ಅದರೊಳಗೆ. ಆದರೂ ಹಳೇ ಅಭ್ಯಾಸ ನೋಡಿ! ಒಮ್ಮೊಮ್ಮೆ ಕೈ ಬೆನ್ನ ಹಿಂದೆ ಹೋಗುತ್ತದೆ. ಆಗ ಬೊಗ್ಗ, ಬೌ! ಮಂಕಾಳಕ್ಕ, ಏಯ್! ಏಡಿ, ಕಟಕ್! ಬೆಳ್ಳಿ, ಪುರ್ರ್! ಪುಟ್ಟ ಮರಿ, "ಅಜ್ಜಾ!"

ಕೈ ಮೆಲ್ಲಗೆ ಮುಂದೆ ಬರುತ್ತದೆ.

ಚೂರು ಬುಟ್ಟಿಗೆ. ಮರಿ ಗೂಡಿಗೆ. ಕತೆ ನಿಮ್ಮ ಕಿವಿಗೆ.