ಮರಳಿನಲ್ಲಿ ನಿಂತ ಬೆರಳು

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಸೋಮಾರಾಧ್ಯರು ಅಂತ ಒಬ್ಬ ಗುರುಗಳು. ಅವರ ಹತ್ತಿರ ಹನ್ನೆರಡು ವರ್ಷ ಕಲಿತ ಶಿಷ್ಯ ಶಿವನಂಜ.

ಕಲಿತದ್ದು ಸಾಕು, ಇನ್ನು ಕಲಿಸು ಅಂತ ಗುರುಗಳು ಅವನ ಕೈಗೆ ಹನ್ನೊಂದು ಮಕ್ಕಳನ್ನು ಒಪ್ಪಿಸಿದ್ದರು.

ಶಿವನಂಜ ಬಲು ಕಟ್ಟುನಿಟ್ಟು. ಮಕ್ಕಳು ಸಾಲಾಗಿ ಕೂತು, ಎದುರಿಗೆ ಮರಳು ಹರಡಿದ ಮಣೆ ಇಟ್ಟುಕೊಂಡು, ಬಾಯಲ್ಲಿ ಮಗ್ಗಿ ಹೇಳುತ್ತಾ ಬೆರಳಲ್ಲಿ ಅದನ್ನೇ ಬರೆಯಬೇಕು. ಹನ್ನೊಂದು ಬಾಯಿ, ಒಂದೇ ದನಿ. ಯಾರಾದರೂ ತಪ್ಪಿದರೋ, ಇವನು ದಡದಡನೆ ಬಂದು ಅವರ ಮರಳನ್ನು ಅಂಗೈಯಲ್ಲಿ ಸವರಿ ಅಳಿಸಿಬಿಡುವನು. ಆಮೇಲೆ ಆ ಮಗು ಹೊಳೆಗಿಳಿದು ಒಂದು ಸಣ್ಣ ಬಿಂದಿಗೆ ನೀರು ತಂದು ದಾಸವಾಳದ ಗಿಡಕ್ಕೆ ಹಾಕಬೇಕು. ಅದೇ ಶಿಕ್ಷೆ.

ಆ ವರ್ಷ ದಾಸವಾಳ ಮೈತುಂಬ ಹೂ ಬಿಟ್ಟಿತ್ತು. ಅದಕ್ಕೆಲ್ಲ ಕಾರಣ ಮಾದೇವಿ ಅನ್ನುವ ಎಂಟು ವರ್ಷದ ಹುಡುಗಿ, ದೋಣಿ ನಡೆಸುವ ಹನುಮಣ್ಣನ ಮಗಳು.

ಒಂದು ದಿನ ಶಿವನಂಜ ಗುರುಗಳ ಎದುರು ಬಂದು ನಿಂತ. ಮುಖ ಕೆಂಪಗಾಗಿತ್ತು.

“ಗುರುಗಳೇ, ಆ ಮಾದೇವಿಯನ್ನು ಮನೆಗೆ ಕಳಿಸಿಬಿಡಬೇಕು.”

“ಯಾಕಪ್ಪಾ?”

“ಮಗ್ಗಿ ಹೇಳುತ್ತಾ ಹೇಳುತ್ತಾ ನಡುವೆ ಬಾಯಿ ಮುಚ್ಚುತ್ತಾಳೆ. ಕೂಗಿದರೆ ಓಗೊಡುವುದಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಾಳೆ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಶುರು ಮಾಡುತ್ತಾಳೆ. ಅಬ್ಬಬ್ಬಾ, ಗೇಣುದ್ದದ ಹುಡುಗಿಗೆ ಎಷ್ಟು ಸೊಕ್ಕು!”

“ಎಲ್ಲಿಂದ ಶುರು ಮಾಡುತ್ತಾಳೆ?”

“ಅಂದರೆ?”

“ನಿಂತ ಕಡೆಯಿಂದಲೋ, ಬೇರೆಯವರು ಹೇಳುತ್ತಿರುವ ಕಡೆಯಿಂದಲೋ?”

ಶಿವನಂಜನಿಗೆ ರೇಗಿತು. “ಅದನ್ನೆಲ್ಲ ಯಾರು ನೋಡುತ್ತಾರೆ, ಗುರುಗಳೇ? ಅಷ್ಟು ಹೊತ್ತಿಗೆ ನಾನು ಮರಳು ಅಳಿಸಿರುತ್ತೇನೆ.”

“ಆಗಲಿ. ನಾಳೆ ಅವರಪ್ಪ ಬರಲಿ, ಕಳಿಸೋಣ. ಅಷ್ಟರೊಳಗೆ ಇದೊಂದು ನೋಡಿ ಹೇಳು. ಮರಳು ಮಾತ್ರ ಅಳಿಸಬೇಡ.”

ಮರುದಿನ ಏಳರ ಮಗ್ಗಿ. ಶಿವನಂಜ ಮಾದೇವಿಯ ಎದುರಿಗೇ ಕೂತ. ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು, ಏಳ್ಮೂರ್ಲಿ ಇಪ್ಪತ್ತೊಂದು. ದನಿ ಹೊಳೆಯ ಆಚೆ ದಡದವರೆಗೂ ಕೇಳುತ್ತಿತ್ತು.

“ಏಳ್ನಾಲ್ಕ್ಲಿ…” ಅಂದಳು ಮಾದೇವಿ. ನಿಂತಳು.

ಬೆರಳು ಮರಳಿನಲ್ಲಿ ಚುಚ್ಚಿಕೊಂಡು ಹಾಗೇ ಇತ್ತು. ಕಣ್ಣು ತೆರೆದೇ ಇತ್ತು, ರೆಪ್ಪೆ ಮಾತ್ರ ಸಣ್ಣಗೆ ಅದುರುತ್ತಿತ್ತು. ಶಿವನಂಜ ಅವಳ ಮುಖದ ಹತ್ತಿರ ಚಿಟಿಕೆ ಹೊಡೆದ. ಹೆಸರು ಹಿಡಿದು ಕರೆದ. ಕಲ್ಲು ಅಂದರೆ ಕಲ್ಲು.

ಉಳಿದವರು ಏಳೈದ್ಲಿ ದಾಟಿ ಏಳಾರ್ಲಿಗೆ ಬಂದಿದ್ದರು.

“…ಇಪ್ಪತ್ತೆಂಟು,” ಅಂದಳು ಮಾದೇವಿ. ಬೆರಳು ನಡೆಯಿತು. ಮಕ್ಕಳು ಕಿಸಕ್ಕನೆ ನಕ್ಕರು.

ಅವಳೇ ಎದ್ದಳು. ಯಾರೂ ಹೇಳದೆ ಬಿಂದಿಗೆ ಎತ್ತಿಕೊಂಡಳು. ರೂಢಿ.

“ಬಿಂದಿಗೆ ಕೆಳಗಿಡು ತಾಯೀ,” ಅಂದರು ಸೋಮಾರಾಧ್ಯರು. ಅವರು ಯಾವಾಗ ಬಂದು ಹಿಂದೆ ನಿಂತಿದ್ದರೋ, ಶಿವನಂಜನಿಗೆ ಗೊತ್ತಾಗಿರಲಿಲ್ಲ.

“ನೋಡಿದಿರಾ, ಗುರುಗಳೇ? ನಿಂತ ಕಡೆಯಿಂದಲೇ ಹೇಳಿದಳು. ಬೇಕೂಂತ! ನನ್ನನ್ನು ಆಡಿಕೊಳ್ಳೋದು ಇದು.”

“ಹಾಗಾದರೆ ನೀನೂ ಒಂದು ಸಲ ಆಡಿಕೋ. ಬಾ, ಮಕ್ಕಳ ಸಾಲಿನಲ್ಲಿ ಕೂತುಕೋ.”

ಶಿವನಂಜ ಕಕ್ಕಾಬಿಕ್ಕಿಯಾದ. ಆದರೂ ಕೂತ.

“ಮಕ್ಕಳೇ, ಏಳರ ಮಗ್ಗಿ ಹೇಳಿ. ಶಿವನಂಜ, ನೀನು ಏಳ್ನಾಲ್ಕ್ಲಿ ಅಂದು ನಿಲ್ಲಿಸು. ನಾನು ತೊಡೆ ತಟ್ಟಿದಾಗ ಅಲ್ಲಿಂದಲೇ ಎತ್ತಿಕೋ. ರೆಪ್ಪೆ ಅದುರಬಹುದು, ಮುಚ್ಚಬಾರದು.”

ಮಕ್ಕಳಿಗೆ ಹಬ್ಬ. ಮೇಷ್ಟರಿಗೇ ಮಗ್ಗಿ! ಗಂಟಲು ಹರಿಯುವ ಹಾಗೆ ಶುರುಮಾಡಿದರು.

ಶಿವನಂಜ ಏಳ್ನಾಲ್ಕ್ಲಿ ಅಂದು ನಿಂತ. ಕಿವಿಯ ಪಕ್ಕದಲ್ಲೇ ಹನ್ನೊಂದು ಬಾಯಿ ಏಳೈದ್ಲಿ ಮೂವತ್ತೈದು ಅನ್ನುತ್ತಿದ್ದವು. ಗುರುಗಳು ತೊಡೆ ತಟ್ಟಿದರು.

“ನಲವತ್ತೆರಡು,” ಅಂದ ಶಿವನಂಜ.

ಮಕ್ಕಳು ಬಿದ್ದು ಬಿದ್ದು ನಕ್ಕರು.

“ಇನ್ನೊಂದು ಸಲ,” ಅಂದರು ಗುರುಗಳು.

ಎರಡನೆಯ ಸಲ ಗುರುಗಳು ಮೆಲ್ಲಗೆ ಅವನ ಮುಖಕ್ಕೆ ನೀರು ಚಿಮುಕಿಸಿದರು. ಕಣ್ಣು ಗಪ್ಪನೆ ಮುಚ್ಚಿಕೊಂಡಿತು. ಮೂರನೆಯ ಸಲ ಹಲ್ಲು ಕಚ್ಚಿ ಹಿಡಿದ. ಆದರೂ ಬಾಯಿಗೆ ಬಂದದ್ದು ನಲವತ್ತೊಂಬತ್ತು.

“ಆಗುತ್ತಿಲ್ಲ, ಗುರುಗಳೇ. ಪಕ್ಕದವರ ದನಿ ಎಳೆದುಕೊಂಡು ಹೋಗುತ್ತದೆ.”

“ಹನ್ನೆರಡು ವರ್ಷ ಕಲಿತವನು ನೀನು. ಎಂಟು ವರ್ಷದ ಮಗುವಿನಷ್ಟು ಆಡಿಕೊಳ್ಳಲು ಬರುವುದಿಲ್ಲವೇ?”

ಶಿವನಂಜ ಸಾಲಿನಿಂದ ಎದ್ದ.

ಗುರುಗಳು ಮಾದೇವಿಯನ್ನು ಹತ್ತಿರ ಕೂರಿಸಿಕೊಂಡರು. “ತಾಯೀ, ಮಗ್ಗಿ ಹೇಳುವಾಗ ಯಾಕೆ ನಿಲ್ಲಿಸಿದೆ?”

“ನಾನು ನಿಲ್ಲಿಸಲಿಲ್ಲ, ತಾತ.”

“ಮತ್ತೆ?”

ಅವಳು ಸಾಲಿನಲ್ಲಿದ್ದ ಮಕ್ಕಳ ಕಡೆ ನೋಡಿದಳು. ಚಾಡಿ ಹೇಳಲೋ ಬೇಡವೋ ಅನ್ನುವ ಮುಖ.

“ಇವರೇ ಒಂದೊಂದು ಸಲ ನನ್ನ ಬಿಟ್ಟು ಮುಂದಕ್ಕೆ ಓಡಿಬಿಡ್ತಾರೆ. ನಾನು ಇಪ್ಪತ್ತೆಂಟು ಅನ್ನೋದರೊಳಗೆ ಇವರು ಎಲ್ಲೋ ಇರ್ತಾರೆ. ಯಾಕೆ ಅಂತ ಕೇಳೋಣ ಅಂದ್ರೆ ಅಷ್ಟರಲ್ಲಿ ಮೇಷ್ಟ್ರು ಬಯ್ತಿರ್ತಾರೆ.”

ಶಿವನಂಜ ಅವಳ ಮಣೆ ನೋಡಿದ. ಏಳು, ನಾಲ್ಕು ಬರೆದ ಮೇಲೆ ಮರಳಿನಲ್ಲಿ ಒಂದು ಕುಳಿ. ಬೆರಳು ನಿಂತಿದ್ದ ಜಾಗ. ಆಮೇಲೆ ಇಪ್ಪತ್ತೆಂಟು. ಅದಕ್ಕೂ ಮುಂಚೆ, ಏಳೆರಡ್ಲಿ ಹತ್ತಿರ, ಅಂಥದ್ದೇ ಇನ್ನೊಂದು ಸಣ್ಣ ಕುಳಿ. ಅದನ್ನು ಅವನು ಎದುರಿಗೇ ಕೂತಿದ್ದರೂ ಕಂಡಿರಲಿಲ್ಲ.

ಇಂಥ ಎಷ್ಟು ಕುಳಿಗಳನ್ನು ನನ್ನ ಕೈಯಾರೆ ಸವರಿ ಹಾಕಿದ್ದೇನೋ ಅನ್ನಿಸಿ ಅವನಿಗೆ ನಾಚಿಕೆಯಾಯಿತು.

ಸಂಜೆ ಹನುಮಣ್ಣ ದೋಣಿ ಕಟ್ಟಿ ಬಂದ. ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡು ನಿಂತ.

“ಬುದ್ಧೀ, ಮಗಳನ್ನ ಕರಕೊಂಡು ಹೋಗಬೇಕಂತೆ. ಏನು ತಪ್ಪು ಮಾಡ್ತು?”

“ತಪ್ಪಲ್ಲ ಹನುಮಣ್ಣ. ಮೂರ್ಛೆ.”

ಹನುಮಣ್ಣ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. “ಅಯ್ಯೋ ಶಿವನೇ! ಅದು ಯಾವತ್ತೂ ಬಿದ್ದಿಲ್ಲ, ಕೈಕಾಲು ಒದ್ದಾಡಿಲ್ಲ, ಬಾಯಲ್ಲಿ ನೊರೆ ಬಂದಿಲ್ಲ. ಮೂರ್ಛೆ ಹೆಂಗಾಯ್ತದೆ?”

“ಬೀಳಿಸದ ಮೂರ್ಛೆಯೂ ಇದೆ ಕಣಯ್ಯಾ. ಮಕ್ಕಳಲ್ಲಿ ಹೀಗೇ, ನಾಲ್ಕಾರು ಉಸಿರಿನಷ್ಟು ಹೊತ್ತು ಬಂದು ಹೋಗುತ್ತದೆ. ಬಂದದ್ದು ಮಗುವಿಗೇ ತಿಳಿಯುವುದಿಲ್ಲ.”

“ಯಾರ ಕಣ್ಣು ಬಿತ್ತೋ! ಗಾಳಿಗೀಳಿ ಏನಾದರೂ…”

“ಕಣ್ಣೂ ಇಲ್ಲ, ಗಾಳಿಯೂ ಇಲ್ಲ. ಜ್ವರದ ಹಾಗೆ ಇದೂ ಒಂದು ಕಾಯಿಲೆ. ಪಟ್ಟಣದಲ್ಲಿ ಇದಕ್ಕೆ ಔಷಧ ಕೊಡುವ ಡಾಕ್ಟರಿದ್ದಾರೆ, ಈ ವಾರವೇ ಕರೆದುಕೊಂಡು ಹೋಗು. ಎಷ್ಟೋ ಮಕ್ಕಳಿಗೆ ದೊಡ್ಡವರಾಗುತ್ತಾ ಹೋಗಿಬಿಡುತ್ತದೆ. ಅಲ್ಲಿಯವರೆಗೆ ದೋಣಿಯಲ್ಲಿ ಅವಳನ್ನು ಎಲ್ಲಿ ಕೂರಿಸುತ್ತೀ?”

“ಅಂಚಿನ ಮೇಲೆ, ಬುದ್ಧಿ. ಅದಕ್ಕೆ ಅಲ್ಲೇ ಆಸೆ, ಕಾಲು ನೀರಿಗೆ ಬಿಟ್ಕೊಂಡು…”

ಹನುಮಣ್ಣ ತಿರುಗಿ ಹೊಳೆಯ ಕಡೆ ನೋಡಿದ.

“ಇನ್ನು ನಡುವೆ ಕೂರಿಸು. ಒಲೆ ಮುಂದೆ, ನೀರಿನ ಹತ್ತಿರ ಒಬ್ಬಳನ್ನೇ ಬಿಡಬೇಡ. ಪಾಠಕ್ಕೆ ಮಾತ್ರ ತಪ್ಪದೆ ಕಳಿಸು.”

ಶಿವನಂಜ ತಲೆ ಎತ್ತಿ ದಾಸವಾಳದ ಗಿಡ ನೋಡಿದ. ಕೆಂಪಗೆ ಹೂ ತುಂಬಿ ನಿಂತಿತ್ತು. ಅಷ್ಟು ಬಿಂದಿಗೆ ನೀರು. ಹೊಳೆಗಿಳಿಯುವ ಪಾಚಿ ಕಟ್ಟಿದ ಮೆಟ್ಟಿಲು, ಪ್ರತಿಸಲವೂ ಒಬ್ಬಳೇ.

“ದಿನಕ್ಕೆ ಎಷ್ಟು ಸಲ ಬರುತ್ತದೆ ಅಂತ ಪಟ್ಟಣದಲ್ಲಿ ಕೇಳುತ್ತಾರೆ,” ಅಂದರು ಗುರುಗಳು. “ಶಿವನಂಜ, ಇಡೀ ದಿನ ಎದುರಿಗಿರುವವನು ನೀನು. ಹೇಳು.”

“ಗೊತ್ತಿಲ್ಲ, ಗುರುಗಳೇ.”

ಹನುಮಣ್ಣ ಇಬ್ಬರ ಮುಖವನ್ನೂ ನೋಡಿದ.

ಮಗಳ ಕೈ ಹಿಡಿದು ಅವನು ದೋಣಿಗೆ ಇಳಿದ. ಅವಳು ಅಂಚಿಗೆ ಹೋಗಲು ಹಟ ಮಾಡಿದಳು. ಎತ್ತಿ ನಡುವೆ ಕೂರಿಸಿದ.

ದೋಣಿ ದೂರ ಹೋದ ಮೇಲೆ ಶಿವನಂಜ ಗುರುಗಳ ಕಾಲ ಹತ್ತಿರ ಕೂತ.

“ಅವಳು ಹೊಳೆಗೆ ಬಿದ್ದಿದ್ದರೆ? ನಾನೇ ಕಳಿಸಿದ್ದು. ನನಗೂ ಒಂದು ಶಿಕ್ಷೆ ಹೇಳಿ, ಗುರುಗಳೇ. ಈ ಮಕ್ಕಳನ್ನು ನನ್ನ ಕೈಯಿಂದ ತೆಗೆದುಕೊಂಡುಬಿಡಿ.”

“ನಾಳೆ ಏಳರ ಮಗ್ಗಿ ಇನ್ನೊಂದು ಸಲ ಹೇಳಿಸು,” ಅಂದು ಗುರುಗಳು ಎದ್ದು ಒಳಗೆ ಹೋದರು.

ಮರುದಿನ ಶಿವನಂಜ ಪಾಠಕ್ಕೆ ಮುಂಚೆ ಹತ್ತು ಮಕ್ಕಳನ್ನು ಹತ್ತಿರ ಕರೆದು ಏನೋ ಹೇಳಿದ. ಆಮೇಲೆ ಮಾದೇವಿ ಬಂದಳು. ಸಾಲಾಗಿ ಕೂತರು.

ಏಳ್ಮೂರ್ಲಿ ಇಪ್ಪತ್ತೊಂದು. ಏಳ್ನಾಲ್ಕ್ಲಿ ಇಪ್ಪತ್ತೆಂಟು. ಏಳೈದ್ಲಿ ಮೂವತ್ತೈದು.

“ಏಳಾರ್ಲಿ…” ಅಂದಳು ಮಾದೇವಿ. ನಿಂತಳು.

ಶಿವನಂಜ ಕೈ ಎತ್ತಿದ. ಹತ್ತು ಬಾಯಿಯೂ ಮುಚ್ಚಿದವು. ಹೊಳೆಯ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಅವನು ಅವಳ ರೆಪ್ಪೆ ನೋಡಿದ. ಬೆರಳು ನೋಡಿದ. ತನ್ನ ಉಸಿರು ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ತನ್ನ ಮಣೆಯ ಮರಳಿನಲ್ಲಿ ಒಂದು ಗುರುತು ಹಾಕಿಕೊಂಡ.

“…ನಲವತ್ತೆರಡು,” ಅಂದಳು ಮಾದೇವಿ.

“ಏಳೇಳ್ಲಿ ನಲವತ್ತೊಂಬತ್ತು!” ಅಂದವು ಹನ್ನೊಂದು ಬಾಯಿ.

ಬಿಸಿಲೇರುವ ಹೊತ್ತಿಗೆ ಅವನ ಮಣೆಯಲ್ಲಿ ಒಂಬತ್ತು ಗುರುತು ಬಿದ್ದಿದ್ದವು. ಪಾಠ ಮಾತ್ರ ಏಳರ ಮಗ್ಗಿ ದಾಟಿರಲಿಲ್ಲ.

ಮಾದೇವಿ ಕುಣಿಯುತ್ತಾ ಗುರುಗಳ ಹತ್ತಿರ ಓಡಿದಳು.

“ತಾತ, ತಾತ! ಇವತ್ತು ಯಾರೂ ನನ್ನ ಬಿಟ್ಟು ಓಡಲೇ ಇಲ್ಲ. ಯಾಕೆ?”

ಸೋಮಾರಾಧ್ಯರು ಶಿವನಂಜನ ಕಡೆ ನೋಡಿದರು.

“ನಿಮ್ಮ ಮೇಷ್ಟರಿಗೆ ಇವತ್ತು ಏಳರ ಮಗ್ಗಿ ಬಂತು ಕಣಮ್ಮಾ.”