ಕೋಟೆಯ ನಾಯಿ ಬೊಗಳಿದಾಗ

"ಮೂರು ವರ್ಷದ ಗುತ್ತಿಗೆ, ಗುರುಗಳೇ! ಅರಸನ ದಂಡಿಗೆಲ್ಲ ಇನ್ನು ನನ್ನದೇ ಜೋಳ!" ಎಂದು ಶಿಷ್ಯನೊಬ್ಬ ಏದುಸಿರು ಬಿಡುತ್ತ ಬಂದು ಕೂತ. ಅವನು ಧಾನ್ಯದ ವ್ಯಾಪಾರಿ, ಪರವೂರಿನಿಂದ ಬಂದು ಪೇಟೆಯಲ್ಲಿ ನೆಲೆ ಕಂಡವನು. "ನಾನು ಮಾಡಬೇಕಾದದ್ದು ಇಷ್ಟೆ. ಪಾಲುದಾರ ಹುಳುಕು ಜೋಳ ಬೆರೆಸುವುದನ್ನು ಕಂಡೂ ಕಾಣದ ಹಾಗೆ ಇರಬೇಕು. ಬಾಯಿ ಬಿಟ್ಟರೆ ಪೇಟೆಯವರು ನನ್ನನ್ನು ಹೊರಗೆ ಹಾಕುತ್ತಾರೆ. ಬಾಯಿ ಬಿಟ್ಟವನಿಗೆ ಗಿಟ್ಟುವುದಾದರೂ ಏನು, ಹೇಳಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದಂಡನಾಯಕನಿದ್ದ. ಹೊಳೆಯಾಚೆಯ ನಾಡಿನಲ್ಲಿ ಹುಟ್ಟಿ, ಅಪ್ಪನ ಹೆಗಲ ಮೇಲೆ ಕೂತು ಈ ನಾಡಿಗೆ ಬಂದವನು. ಕಾಲಾಳಾಗಿ ಸೇರಿ ಮೇಲೆ ಬಂದಿದ್ದ. ಅರಸನ ಕೋಟೆಯೊಂದರಲ್ಲಿ ಯುದ್ಧದ ಸೆರೆಯಾಳುಗಳನ್ನು ಹಿಂಸಿಸುತ್ತಾರೆಂಬ ಸುದ್ದಿ ನೆರೆರಾಜ್ಯಗಳವರೆಗೆ ಹಬ್ಬಿತು. ವಿಚಾರಣೆಗೆ ಅರಸ ಇವನನ್ನೇ ಆರಿಸಿದ. ಹೊರಗಿನಿಂದ ಬಂದವನು, ಹಂಗಿನಲ್ಲಿರುವವನು, ಮಾತು ಮೀರಲಾರ ಎಂಬ ಲೆಕ್ಕ. "ಅಲ್ಲಿ ಏನೂ ಇಲ್ಲ ಎಂದು ಬಂದು ಹೇಳು. ಮಹಾದಂಡನಾಯಕನ ಪಟ್ಟ ನಿನಗೆ," ಎಂದ.

ದಂಡನಾಯಕನ ಎದೆ ಹಿಗ್ಗಿತು. ಅಪ್ಪ ಬದುಕಿದ್ದರೆ ಕುಣಿದಾಡುತ್ತಿದ್ದ ಎಂದುಕೊಂಡು ಕುದುರೆ ಓಡಿಸಿದ.

ಕೋಟೆ ಥಳಥಳ ಹೊಳೆಯುತ್ತಿತ್ತು. ಗೋಡೆಗೆ ಸುಣ್ಣ, ಸೆರೆಯಾಳುಗಳಿಗೆ ಹೊಸ ಪಂಚೆ, ಕೈಯಲ್ಲಿ ಮಜ್ಜಿಗೆಯ ಬಟ್ಟಲು. ಏನು ಕೇಳಿದರೂ "ಸುಖವಾಗಿದ್ದೇವೆ, ಒಡೆಯ" ಎಂಬ ಒಂದೇ ಉತ್ತರ. ಪಟ್ಟ ಕೈಗೆ ಬಂದ ಹಾಗೆಯೇ! ಅವನು ಹೊರಡಲು ತಿರುಗಿದ.

ಆಗ ಬಾಗಿಲಲ್ಲಿ ಕಾವಲು ನಾಯಿ ಬೊಗಳಿತು.

ಸಾಲಾಗಿ ನಿಂತಿದ್ದ ಸೆರೆಯಾಳುಗಳೆಲ್ಲ ಬಟ್ಟಲು ಬಿಸಾಡಿ, ಪಂಚೆ ಕಳಚಿ, ಕೈ ನೆಲಕ್ಕೂರಿ ನಾಯಿಗಳಂತೆ ನಿಂತರು. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.

"ಏಳ್ರೋ, ಏಳ್ರೋ! ಇವತ್ತು ಬೇಡ!" ಎಂದು ಕೋಟೆಯ ಅಧಿಕಾರಿ ಕಿರುಚಿದ. ಕಿರುಚಿ ನಾಲಿಗೆ ಕಚ್ಚಿಕೊಂಡ.

"ಹಾಗಾದರೆ ಯಾವತ್ತು?" ಎಂದ ದಂಡನಾಯಕ.

ಮರಳಿ ಬಂದವನು ನೆರೆರಾಜ್ಯದ ದೂತರು ಕೂತಿದ್ದ ತುಂಬಿದ ಸಭೆಯಲ್ಲೇ ಕಂಡದ್ದನ್ನು ಕಂಡಂತೆ ಹೇಳಿಬಿಟ್ಟ. ಸಭೆ ಹೋ ಎಂದಿತು. ಮಂತ್ರಿ ದಡಬಡಿಸಿ ಎದ್ದ. "ನೋಡಿ, ಪ್ರಭು! ಎಲ್ಲಿಂದಲೋ ಬಂದವನು, ಉಂಡ ಮನೆಯ ಜಂತೆ ಎಣಿಸುತ್ತಾನೆ!"

"ಜಂತೆಗೆ ಗೆದ್ದಲು ಹಿಡಿದರೆ ಎಣಿಸದೆ ಏನು ಮಾಡಲಿ, ಸ್ವಾಮಿ? ನಾನು ಉಂಡು ಎದ್ದು ಹೋಗುವವನಲ್ಲ, ಇದೇ ಸೂರಿನಡಿ ಮಲಗುವವನು."

ದೂತರ ಎದುರು ಅರಸನಿಗೆ ಬೇರೆ ದಾರಿ ಇರಲಿಲ್ಲ. ಕೋಟೆಯ ಅಧಿಕಾರಿಗೆ ಬೇಡಿ ಬಿತ್ತು, ಅವನ ಆಳುಗಳು ಹೊರಬಿದ್ದರು. ದೂತರು ಊರು ಬಿಟ್ಟ ದಿನವೇ ದಂಡನಾಯಕನ ಕತ್ತಿಯನ್ನೂ ಕಸಿದುಕೊಂಡು ಮನೆಗೆ ಕಳಿಸಿದರು.

"ಥೂ, ಕೆಟ್ಟ ವ್ಯಾಪಾರ!" ವ್ಯಾಪಾರಿ ತೊಡೆ ತಟ್ಟಿಕೊಂಡ. "ಪಟ್ಟವೂ ಹೋಯಿತು, ಕತ್ತಿಯೂ ಹೋಯಿತು. ಗಳಿಸಿದ್ದಾದರೂ ಏನು, ಗುರುಗಳೇ?"

ಗುರುಗಳು ಹೇಳಿದರು: "ಆ ಕೋಟೆಯಲ್ಲಿ ಈಗ ನಾಯಿ ಬೊಗಳಿದರೆ, ಬಂದವರು ಯಾರೆಂದು ಸೆರೆಯಾಳುಗಳು ತಲೆ ಎತ್ತಿ ನೋಡುತ್ತಾರೆ."