ನಿಂಬೆವ್ವನ ಹತ್ತಿಕಾಳು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ಎರೆಭೂಮಿಯ ಸೀಮೆಯಲ್ಲಿ ಒಂದು ಊರಿತ್ತು. ಆ ಊರಲ್ಲಿ ನಿಂಬೆವ್ವ ಎಂಬ ಹೆಂಗಸಿದ್ದಳು. ಹತ್ತಿಯಿಂದ ಕಾಳು ಬಿಡಿಸುವುದು ಅವಳ ಕೆಲಸ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಮೇಲೆ ಕಬ್ಬಿಣದ ಸಲಾಕೆ ಇಟ್ಟು, ಮಣೆಯ ಮೇಲೆ ಕೂತು ಅಂಗಾಲಿನಿಂದ ಅದನ್ನು ಹಿಂದೆ ಮುಂದೆ ಉರುಳಿಸುವಳು. ಕಾಳು ಒಂದು ಕಡೆ ಜಾರುವುದು, ಅರಳೆ ಇನ್ನೊಂದು ಕಡೆ ಉಳಿಯುವುದು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಒಂದು ಗಾಡಿ ಹತ್ತಿ ಮುಗಿಸುತ್ತಿದ್ದಳು ಅಂತಾರೆ. ನಾನು ಹತ್ತಿ ವ್ಯಾಪಾರದಲ್ಲೇ ತಲೆ ನೆರೆಸಿಕೊಂಡವನು, ಗಾಡಿಯ ಮಾತು ನಂಬುವುದಿಲ್ಲ. ಎರಡು ಬುಟ್ಟಿ ಅನ್ನಿ, ಒಪ್ಪುತ್ತೇನೆ. ಕಣ್ಣು ಕಟ್ಟಿದರೂ, ಅಂಗಾಲಿಗೆ ತಾಗಿದ ಹತ್ತಿ ಯಾರ ಹೊಲದ್ದೆಂದು ಹೇಳುತ್ತಿದ್ದಳು ಅಂತಾರೆ. ಅದನ್ನು ನಂಬುತ್ತೇನೆ. ನನ್ನ ಬೆರಳಿಗೂ ಅಷ್ಟು ತಿಳಿಯುತ್ತದೆ.

ಯಾರ ಮನೆಯ ಹತ್ತಿಯೋ ಆ ಮನೆಗೇ ಕಾಳು ವಾಪಸು ಹೋಗುತ್ತಿತ್ತು. ಮರುವರ್ಷ ಅದೇ ಬಿತ್ತನೆ. ಅಜ್ಜನ ಬೀಜ ಮೊಮ್ಮಗನ ಹೊಲದಲ್ಲಿ ಹುಟ್ಟುತ್ತಿತ್ತು.

ಆ ಕಾಲಕ್ಕೆ ಕಡಲಾಚೆಯ ಜನ ಉಣ್ಣೆ ಹೊದ್ದು ಬೇಸಗೆಯಲ್ಲೂ ಮೈ ಕೆರೆದುಕೊಳ್ಳುತ್ತಿದ್ದರಂತೆ. ನಮ್ಮ ಹತ್ತಿ ಬಟ್ಟೆ ಮೈಗೆ ಸೋಕಿದ ಮೇಲೆ ಹಡಗಿನ ಹಿಂದೆ ಹಡಗು ಬಂದವು. ಕೊಂಡರು, ಉಟ್ಟರು, ಅಷ್ಟಕ್ಕೆ ಸುಮ್ಮನಾಗಲಿಲ್ಲ. ತಾವೇ ನೇಯುವ ಯಂತ್ರ ಮಾಡಿಕೊಂಡರು. ಯಂತ್ರಕ್ಕೆ ಹತ್ತಿ ಸಾಲದಾದಾಗ, ಮನುಷ್ಯರಿಗೆ ಸರಪಳಿ ಹಾಕಿ ಇನ್ನೊಂದು ಸೀಮೆಗೆ ಒಯ್ದು ಹೊಲಕ್ಕೆ ಇಳಿಸಿದರು. ಅಲ್ಲಿ ಕಾಳಗ ಬಿದ್ದು ಹತ್ತಿ ನಿಂತಾಗ ನಮ್ಮ ಎರೆಹೊಲ ನೆನಪಾಯಿತು. ಬಟ್ಟೆ ಬೇಡ, ಹತ್ತಿ ಕೊಡಿ ಅಂದರು. ಕೊಟ್ಟ ಹತ್ತಿ ಬಟ್ಟೆಯಾಗಿ ತಿರುಗಿ ಬಂತು. ಅದನ್ನು ನಾವೇ ಕೊಂಡು ಉಟ್ಟೆವು. ನಮ್ಮ ಮಗ್ಗದ ಗುಂಡಿಗಳಲ್ಲಿ ಕೋಳಿ ಕಾವು ಕೂತವು.

ಹಾಗೆ ಹತ್ತಿ ಕೊಳ್ಳಲು ಒಬ್ಬ ಸಾಹೇಬ ನಿಂಬೆವ್ವನ ಊರಿಗೂ ಬಂದ. ಗರಗಸದ ಹಲ್ಲಿನ ಯಂತ್ರ ತಂದ. ಅದಕ್ಕೆ ಶೆಡ್ಡು ಕಟ್ಟಲು ಜಾಗ ಕೊಟ್ಟವನು ನಮ್ಮ ಪೇಟೆಯವನೇ. ಹೆಸರು ಹೇಳಿದರೆ ನಮ್ಮ ಮನೆತನಕ್ಕೇ ಬೀಗನಾಗುತ್ತಾನೆ, ಬಿಡಿ. ಕಾಲಲ್ಲಿ ತುಳಿದ ಹತ್ತಿ ಹೊಲಸು, ಎಲ್ಲರೂ ಯಂತ್ರಕ್ಕೇ ತರಬೇಕು ಎಂದು ಡಂಗುರವಾಯಿತು. ಹೆಂಗಸರ ಸಲಾಕೆಗಳನ್ನೆಲ್ಲ ಕಿತ್ತುಕೊಂಡು ಶೆಡ್ಡಿನ ಕಿಟಕಿಗೆ ಸರಳು ಮಾಡಿದರು.

ಯಂತ್ರದ ಹಿಂದೆ ಕಾಳಿನ ರಾಶಿ ಬಿತ್ತು. ಎಲ್ಲರ ಹೊಲದ್ದೂ ಒಂದೇ ರಾಶಿ. ಬಿತ್ತನೆಗೆ ಬಿಟ್ಟಿ ಒಯ್ಯಿರಿ ಅಂದರು. ಊರ ಗೌಡ ನೀಲನಗೌಡನೇ ಮೊದಲು ಚೀಲ ತುಂಬಿದ.

"ಸಲಾಕಿ ಹೋತು, ಕಾಲುನೋವೂ ಹೋತು. ಇನ್ನ ಆರಾಮ ಕುಂಡ್ರು ನಿಂಬೆವ್ವಾ," ಅಂದನಂತೆ.

"ಕುಂಡ್ರತೀನ್ರಿ ಗೌಡ್ರ. ನಿಮ್ಮ ಹೊಲಾನೂ ನನ್ನಂಗ ಸುಮ್ನ ಕುಂಡ್ರತೈತಿ, ನೋಡ್ತಿರ್ರಿ," ಅಂದಳಂತೆ.

ಅವಳೇನೂ ಸುಮ್ಮನೆ ಕೂರಲಿಲ್ಲ. ಇದು ನನ್ನ ಕಡೇ ಕೂಲಿ ಎಂದು ಮನೆಮನೆಗೂ ಹೋಗಿ ಒಂದೊಂದು ಉಡಿ ಹತ್ತಿ ಕೇಳಿದಳು. ಹಿತ್ತಲಲ್ಲಿ ಕೂತು, ಸಲಾಕೆಯ ಬದಲು ಅಡುಗೆಮನೆಯ ಲಟ್ಟಣಿಗೆ ಉರುಳಿಸಿ ಕಾಳು ಬಿಡಿಸಿದಳು. ಒಂದು ಮನೆಯ ಕಾಳಿಗೆ ಒಂದು ಗಡಿಗೆ.

ಮರುವರ್ಷ ಊರೆಲ್ಲ ರಾಶಿಯ ಕಾಳು ಬಿತ್ತಿತು. ಅರ್ಧ ಹುಟ್ಟಲೇ ಇಲ್ಲ. ಹುಟ್ಟಿದ್ದರಲ್ಲಿ ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದರ ಎಳೆ ಉದ್ದ, ಇನ್ನೊಂದರದು ತುಂಡು. ಸಾಹೇಬ ಹತ್ತಿ ನೋಡಿ, ನೀವೆಲ್ಲ ಬೆರಕೆ ಮಾಡುವ ಮೋಸಗಾರರು ಎಂದ. ಬೆರೆಸಿದ್ದು ಅವನ ಯಂತ್ರ, ಬೈಸಿಕೊಂಡವರು ನಾವು. ಇನ್ನು ಕಡಲಾಚೆಯ ಬೀಜವನ್ನೇ ವರ್ಷವರ್ಷವೂ ಕೊಂಡು ಬಿತ್ತಬೇಕು, ಇಲ್ಲವಾದರೆ ಹತ್ತಿ ಮುಟ್ಟುವುದಿಲ್ಲ ಅಂದ.

ನಾನೂ ವ್ಯಾಪಾರಿ. ಸೋವಿಗೆ ಕೊಂಡಿದ್ದೇನೆ, ತುಟ್ಟಿಗೆ ಮಾರಿದ್ದೇನೆ, ಅದಕ್ಕೆ ನಾಚಿಕೆಯಿಲ್ಲ. ಆದರೆ ಎದುರಿನವನು ನಾಳೆಯೂ ಅಂಗಡಿಗೆ ಬರುವಷ್ಟು ಅವನಿಗೆ ಉಳಿಸುತ್ತೇವೆ. ಬೀಜವನ್ನು ಕೆಡಿಸಿ, ಬೀಜವನ್ನೇ ಮಾರುವುದಕ್ಕೆ ನಮ್ಮ ಪೇಟೆಯಲ್ಲಿ ವ್ಯಾಪಾರ ಅನ್ನುವುದಿಲ್ಲ.

ಹೊಸ ಬೀಜ ಮಾರುವ ದಿನ ಊರೆಲ್ಲ ಶೆಡ್ಡಿನ ಮುಂದೆ ನಿಂತಿತ್ತು. ನಿಂಬೆವ್ವ ಯಂತ್ರದ ರಾಶಿಯಿಂದ ಒಂದು ಹಿಡಿ ಕಾಳು ಎತ್ತಿಕೊಂಡಳು. ಒಂದೊಂದನ್ನೇ ಹಲ್ಲಲ್ಲಿ ಕಡಿದು ಸಾಹೇಬನ ಬೂಟಿನ ಹತ್ತಿರ ಉಗುಳಿದಳಂತೆ. ಯಂತ್ರದ ಹಲ್ಲು ಸಿಪ್ಪೆ ಸೀಳಿತ್ತು. ಒಳಗೆ ಬರೀ ಕಪ್ಪು ಹುಡಿ. ಆಮೇಲೆ ಉಡಿಯಿಂದ ತನ್ನ ಕಾಳು ತೆಗೆದು ಕಡಿದಳು. ಒಳಗೆ ಬೆಳ್ಳಗೆ, ಎಣ್ಣೆಯ ಪಸೆ.

ಕಬ್ಬಿಣದ ಸಲಾಕೆ ಎಲ್ಲಿ ಬಚ್ಚಿಟ್ಟಿದ್ದೀ ಎಂದು ಸಾಹೇಬನ ಗುಮಾಸ್ತ ಗದರಿಸಿದ. ಅವಳು ಸೊಂಟದಿಂದ ಲಟ್ಟಣಿಗೆ ತೆಗೆದಳು.

"ಹೋಳಿಗಿ ಲಟ್ಟಸೂದ್ರಿ ಇದು. ಹೋಳಿಗಿ ಮಾಡಾಕೂ ಸಾಹೇಬ್ರ ಅಪ್ಪಣಿ ಬೇಕೇನ್ರಿ?"

ಊರು ನಕ್ಕಿತು. ಆ ನಗೆಗಾಗಿ ಅವಳನ್ನು ಎಳೆದೊಯ್ದು ಅಂಗಾಲಿಗೆ ಬಾರಿಸಿದರಂತೆ, ಮತ್ತೆ ಮಣೆ ಏರದ ಹಾಗೆ. ಕೆಡಿಸಿದವನಿಗೆ ಸಂಬಳ, ಕೆಟ್ಟದ್ದನ್ನು ತೋರಿಸಿದವಳಿಗೆ ಏಟು. ಈ ಮಾತು ಹೇಳುವಾಗ ನನ್ನ ಅಜ್ಜನ ದನಿ ಒರಟಾಗುತ್ತಿತ್ತು, ನನ್ನದೂ ಆಗುತ್ತದೆ.

ಅವಳು ಕುಂಟುತ್ತ ಮನೆಗೆ ಬಂದಾಗ ನೀಲನಗೌಡ ಖಾಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದನಂತೆ. ಅವಳು ಗಡಿಗೆಗಳನ್ನು ಮುಟ್ಟಿ ಮುಟ್ಟಿ ನೋಡಿ ಒಂದನ್ನು ಮುಂದಿಟ್ಟಳು. "ನಿಮ್ಮ ಅಜ್ಜಂದು," ಅಂದಳು. ಬಿಟ್ಟಿ ಕೊಡಲಿಲ್ಲ, ಅದು ನನಗೆ ಹಿಡಿಸುತ್ತದೆ. ಬೆಳೆ ಬಂದ ಮೇಲೆ ಒಂದಕ್ಕೆ ಎರಡು ಗಡಿಗೆ ತರಬೇಕು, ಕಾಳು ಗೌಡನೇ ಕೂತು ಬಿಡಿಸಿರಬೇಕು ಅಂದಳು. ಮೀಸೆಯ ಗೌಡ ಲಟ್ಟಣಿಗೆ ಉರುಳಿಸುವುದನ್ನು ನೋಡಲು ಪಕ್ಕದೂರಿನಿಂದಲೂ ಜನ ಬಂದಿದ್ದರು ಅಂತಾರೆ. ಹಾಗೆ ಗಡಿಗೆಯಿಂದ ಗಡಿಗೆಗೆ ಆ ಹತ್ತಿ ಉಳಿಯಿತು. ಶೆಡ್ಡು ಎಂದೋ ಬಿತ್ತು. ಆ ಹತ್ತಿಯನ್ನು ನಾನೇ ಕೊಂಡಿದ್ದೇನೆ.

ಇವತ್ತಿಗೂ ಆ ಊರಲ್ಲಿ ಬೀಜದ ಚೀಲ ಬಿಚ್ಚಿದರೆ, ವ್ಯಾಪಾರಿ ಎಷ್ಟೇ ದೊಡ್ಡವನಾಗಿರಲಿ, ಮೊದಲು ಒಬ್ಬ ಹೆಣ್ಣುಮಗಳು ಬಂದು ಕಾಳನ್ನು ಹಲ್ಲಲ್ಲಿ ಕಡಿದು ನೋಡುತ್ತಾಳೆ. ಅಲ್ಲಿಯವರೆಗೆ ಯಾವ ಗಂಡಸೂ ದರ ಕೇಳುವುದಿಲ್ಲ. ಕಾಳು ಪೊಳ್ಳಾಗಿದ್ದರೆ ಅವಳು ಅದನ್ನು ವ್ಯಾಪಾರಿಯ ಕಾಲ ಬಳಿಯೇ ಉಗುಳುತ್ತಾಳೆ. ನನ್ನ ಕಾಲ ಬಳಿಯೂ ಒಮ್ಮೆ ಉಗುಳಿದ್ದಾರೆ. ಚೀಲ ಕಟ್ಟಿಕೊಂಡು ವಾಪಸು ಬಂದೆ.